ಸಹಾಯ ಬೇಕು: ಕುಡಿತ ಬಿಡಿಸಲು ಕನ್ನಡ ಮಾತಾಡುವ ಆಪ್ತಸಮಾಲೋಚಕರು (ಬದಿಯಡ್ಕ ಕಡೆ)

ಎಲ್ಲರಿಗೂ ನಮಸ್ಕಾರ. ನಮ್ಮ ನೆರೆಮನೆಯ ಅಣ್ಣನ ವಿಷಯ. ಅಡಿಕೆ ಕೊಯ್ಯುವುದರಲ್ಲಿ ಎತ್ತಿದ ಕೈ. ಈಗ ಬೆಳಿಗ್ಗೆ ಚಾ ಗ್ಲಾಸ್ ಹಿಡಿದರೆ ಕೈ ನಡುಗಿ ಅರ್ಧ ಚಾ ಅಂಗಿ ಮೇಲೆ ಚೆಲ್ಲುತ್ತದೆ, ಒಂದು ಪೆಗ್ ಹೋದರೆ ಮಾತ್ರ ನಡುಕ ನಿಲ್ಲುತ್ತದೆ. ಹಾಗಿರುವವರು ಮರ ಹತ್ತುವುದು ನೋಡಿದರೆ ಎದೆ ಝಲ್ ಅನ್ನುತ್ತದೆ. ಕೂಲಿ ಸಿಕ್ಕಿದ ದಿನ ಅಕ್ಕನ ಕೈಗೆ ಏನೂ ಬರುವುದಿಲ್ಲ. ಮಗಳು ಟ್ಯೂಷನ್ ಬಿಟ್ಟಿದ್ದಾಳೆ.

ಮನೆಯವರು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಬೇಕು ಅಂತಿದ್ದಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ದಿನಾ ಜಾಸ್ತಿ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಎರಡು ಮೂರು ದಿನದಲ್ಲಿ ಭ್ರಮೆ ಹಿಡಿದು ಜೀವಕ್ಕೇ ಅಪಾಯ ಆಗಬಹುದು, ಡಾಕ್ಟರ ನಿಗಾದಲ್ಲೇ ಬಿಡಿಸಬೇಕು. ಗೊತ್ತಾಗದ ಹಾಗೆ ಊಟದಲ್ಲಿ ಕುಡಿತ ಬಿಡಿಸುವ ಪುಡಿ ಬೆರೆಸುವುದೂ ಅಪಾಯವೇ.

ಕೇರಳ ಸರ್ಕಾರದ ವಿಮುಕ್ತಿ ಸಹಾಯವಾಣಿ 14405 ಇದೆ. ಆದರೆ ಅಣ್ಣನಿಗೂ ಅಕ್ಕನಿಗೂ ಮಲಯಾಳ ಅಷ್ಟಕ್ಕಷ್ಟೆ, ಮನಸ್ಸಿನ ಮಾತು ಕನ್ನಡದಲ್ಲೇ ಬರಬೇಕು ಅಲ್ವಾ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡ ಸಿಗುತ್ತದೆ, ಫೋನಿನಲ್ಲಿ ಮಾತಾಡಬಹುದು, ಆದರೆ ಎದುರು ಕೂತು ಕೇಳುವವರೂ ಬೇಕು.

ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆ ಕನ್ನಡ ಬಲ್ಲ ಮನೋವೈದ್ಯರು ಇದ್ದರೆ ತಿಳಿಸಿ. ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದ ಮನೆಯವರು ಇದ್ದರೆ, ಆಮೇಲೆ ಹೇಗಿದ್ದಾರೆ ಅಂತ ಹೇಳಿ. ಅಕ್ಕನ ಜೊತೆ ಮಾತಾಡಲು ಒಬ್ಬರು ಹೆಂಗಸರು ಸಿಕ್ಕಿದರೂ ದೊಡ್ಡ ಉಪಕಾರ. ಸುಮ್ನೆ ಬೈಯುವ ಕಮೆಂಟ್ ಬೇಡ, ಇದು ಕಾಯಿಲೆ. ಇನ್‌ಬಾಕ್ಸಿಗೆ ಬರೆದರೂ ಸಾಕು.