ಕಾರ್ಲ್‌ಟನ್ನೋ, ಗ್ರಿನೆಲ್ಲೋ? – ಓದುಗರ ಸ್ಪಂದನ

ಸಮಸ್ಯೆ: ಮಗಳಿಗೆ ಅಮೆರಿಕದ ಎರಡು ಲಿಬರಲ್ ಆರ್ಟ್ಸ್ (ಕಲೆ, ವಿಜ್ಞಾನ ಎರಡನ್ನೂ ಕಲಿಸುವ) ಕಾಲೇಜುಗಳಲ್ಲಿ ಸೀಟು ಸಿಕ್ಕಿದೆ. ಒಂದು ಮಿನ್ನೆಸೋಟದ ಕಾರ್ಲ್‌ಟನ್, ಇನ್ನೊಂದು ಅಯೋವಾದ ಗ್ರಿನೆಲ್. ಕೆಮಿಸ್ಟ್ರಿ ಓದಿ ಮುಂದೆ ಪಿಎಚ್.ಡಿ. ಮಾಡುವ ಆಸೆ ಅವಳದು. ಎರಡೂ ಸಣ್ಣ ಊರು, ಸಣ್ಣ ಕಾಲೇಜು. ಕೊಡುತ್ತಿರುವ ಹಣದ ನೆರವೂ ಹೆಚ್ಚುಕಡಿಮೆ ಒಂದೇ. ಮೇ 1ರೊಳಗೆ ತಿಳಿಸಬೇಕು. ಯಾವುದಕ್ಕೆ ಹೂಂ ಅನ್ನಲಿ?
– ಒಬ್ಬ ತಾಯಿ, ಮೈಸೂರು

ಅಮ್ಮಾ, ರ‍್ಯಾಂಕಿಂಗ್ ಪಟ್ಟಿಯನ್ನು ಮಡಚಿಟ್ಟು ಎರಡೂ ಕಾಲೇಜುಗಳ ಕ್ಯಾಲೆಂಡರ್ ಎದುರಿಗಿಟ್ಟುಕೊಳ್ಳಿ. ನಿಜವಾದ ವ್ಯತ್ಯಾಸ ಇರುವುದು ಅಲ್ಲಿ. ಕಾರ್ಲ್‌ಟನ್ನಿನಲ್ಲಿ ವರ್ಷಕ್ಕೆ ಹತ್ತು ವಾರಗಳ ಮೂರು ಟರ್ಮ್, ಒಂದೊಂದರಲ್ಲಿ ಸಾಮಾನ್ಯವಾಗಿ ಮೂರು ಕೋರ್ಸು. ಗ್ರಿನೆಲ್‌ನಲ್ಲಿ ಹದಿನಾಲ್ಕು ವಾರಗಳ ಎರಡು ಸೆಮಿಸ್ಟರ್, ಒಂದು ಸಲಕ್ಕೆ ನಾಲ್ಕು ಕೋರ್ಸು. ಪದವಿಗೆ ಕಾರ್ಲ್‌ಟನ್ನಿನಲ್ಲಿ 210 ಕ್ರೆಡಿಟ್, ಗ್ರಿನೆಲ್‌ನಲ್ಲಿ 124 ಎಂದು ನೋಡಿ ಗಾಬರಿಯಾಗಬೇಡಿ. ಮೊದಲನೆಯದರಲ್ಲಿ ಕೋರ್ಸಿಗೆ 6 ಕ್ರೆಡಿಟ್, ಎರಡನೆಯದರಲ್ಲಿ 4. ಲೆಕ್ಕ ಹಾಕಿದರೆ 35 ಕೋರ್ಸು, 31 ಕೋರ್ಸು. ಅಳೆಯುವ ಕೊಳಗ ಬೇರೆ, ಅಷ್ಟೆ.

ಹತ್ತು ವಾರದ ಟರ್ಮಿನಲ್ಲಿ ಜ್ವರ ಬಂದು ಒಂದು ವಾರ ಮಲಗಿದರೆ ಹತ್ತರಲ್ಲಿ ಒಂದು ಪಾಲು ಪಾಠ ಕೈತಪ್ಪಿತು. ದಾರಿ ಗೊತ್ತಾಗುವಷ್ಟರಲ್ಲಿ ಮೊದಲ ಪರೀಕ್ಷೆ ಬಂದಿರುತ್ತದೆ. ಪಿಯುಸಿಯಂತೆ ವರ್ಷದ ಕೊನೆಗೆ ಕೂತು ಓದಿ ಗೆಲ್ಲುವ ಅಭ್ಯಾಸದ ಮಕ್ಕಳು ಎಡವುವುದು ಇಲ್ಲೇ. ಆದರೆ ತಲೆಯಲ್ಲಿ ಮೂರೇ ವಿಷಯ ಇರುವುದರಿಂದ ಒಂದಕ್ಕೇ ಮುಳುಗಿ ಓದುವ ಹುಡುಗಿಗೆ ಇದು ಹಿಡಿಸುತ್ತದೆ. ಸೆಮಿಸ್ಟರಿನಲ್ಲಿ ಉಸಿರಾಡಲು ಜಾಗ ಹೆಚ್ಚು. ಅಲ್ಲಿನ ಕಷ್ಟವೆಂದರೆ ನಾಲ್ಕೂ ಕೋರ್ಸುಗಳ ಪರೀಕ್ಷೆ, ಲ್ಯಾಬ್ ವರದಿ ಒಂದೇ ವಾರಕ್ಕೆ ಬಂದು ಬೀಳುವುದು.

ಕಾರ್ಲ್‌ಟನ್ನಿನಲ್ಲಿ ನವೆಂಬರ್ ಕೊನೆಯಿಂದ ಜನವರಿ ಶುರುವಿನವರೆಗೆ ಸುಮಾರು ಆರು ವಾರ ರಜೆ. ಮೈಸೂರಿಗೆ ಬಂದುಹೋಗಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ ಅಲ್ಲಿ ವರ್ಷ ಮುಗಿಯುವುದು ಜೂನ್‌ನಲ್ಲಿ, ಗ್ರಿನೆಲ್‌ನಲ್ಲಿ ಮೇ ತಿಂಗಳಿನಲ್ಲೇ. ಬೇರೆ ವಿಶ್ವವಿದ್ಯಾಲಯಗಳ ಬೇಸಿಗೆ ಸಂಶೋಧನೆ ಮೇ ಕೊನೆಗೇ ಶುರುವಾದರೆ, ಕಾರ್ಲ್‌ಟನ್ ಹುಡುಗಿ ತಡವಾಗಿ ಸೇರಲು ಅರ್ಜಿ ಹಾಕುವಾಗಲೇ ಕೇಳಿಕೊಳ್ಳಬೇಕು.
– ಶೈಕ್ಷಣಿಕ ಸಲಹೆಗಾರರು, ಮಿನಿಯಾಪೊಲಿಸ್

ನಮಸ್ಕಾರ. ಕ್ಯಾಟಲಾಗ್ ನೋಡಿ ಮೋಸಹೋಗಬೇಡಿ. ಅದರಲ್ಲಿ ಅಚ್ಚಾದ ಕೋರ್ಸೆಲ್ಲ ಪ್ರತಿ ವರ್ಷ ನಡೆಯುವುದಿಲ್ಲ. ರಿಜಿಸ್ಟ್ರಾರ್ ಪುಟದಿಂದ ಕಳೆದ ನಾಲ್ಕು ವರ್ಷಗಳ ವೇಳಾಪಟ್ಟಿ ತೆಗೆಯಿರಿ. ಒಂದು ಹಾಳೆಯಲ್ಲಿ ಮೇಲೆ ವರ್ಷಗಳು, ಪಕ್ಕದಲ್ಲಿ ಆರ್ಗ್ಯಾನಿಕ್, ಇನಾರ್ಗ್ಯಾನಿಕ್, ಅನಲಿಟಿಕಲ್, ಫಿಸಿಕಲ್, ಬಯೋಕೆಮಿಸ್ಟ್ರಿ ಎಂದು ಬರೆದು, ಯಾವುದು ಯಾವಾಗ ನಡೆಯಿತು, ಪಾಠ ಮಾಡಿದವರು ಯಾರು ಎಂದು ತುಂಬಿಸಿ. ಎರಡು ವರ್ಷಕ್ಕೊಮ್ಮೆ ಬರುವ ಕೋರ್ಸು ಇದ್ದರೆ ಅದು ತಕ್ಷಣ ಕಣ್ಣಿಗೆ ಬೀಳುತ್ತದೆ. ಅದೇ ವರ್ಷ ಹುಡುಗಿ ಒಂದು ಅವಧಿ ಬೇರೆ ದೇಶಕ್ಕೆ ಓದಲು ಹೋದರೆ ಆ ಕೋರ್ಸು ಹೋದ ಹಾಗೇ. ಫಿಸಿಕಲ್ ಕೆಮಿಸ್ಟ್ರಿಗೆ ಕ್ಯಾಲ್ಕುಲಸ್ಸೂ ಫಿಸಿಕ್ಸೂ ಮೊದಲೇ ಮುಗಿದಿರಬೇಕು, ಆದ್ದರಿಂದ ಮೊದಲ ವರ್ಷ ಗಣಿತ ಬಿಡುವಂತಿಲ್ಲ.

ಅಧ್ಯಾಪಕರ ಹೆಸರಿನ ಮುಂದೆ ‘ವಿಸಿಟಿಂಗ್’ (ಸ್ವಲ್ಪ ಕಾಲಕ್ಕೆ ಮಾತ್ರ ಬಂದವರು) ಎಂದಿದೆಯೇ ಗಮನಿಸಿ. ಅವರ ಪಾಠ ಚೆನ್ನಾಗಿಯೇ ಇರಬಹುದು. ಆದರೆ ಪಿಎಚ್.ಡಿ. ಅರ್ಜಿಗೆ ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಬೇಕು, ಆ ಹೊತ್ತಿಗೆ ಅವರು ಬೇರೆ ಊರು ಸೇರಿರುತ್ತಾರೆ.

ಎರಡೂ ವಿಭಾಗಗಳಿಗೆ ಒಂದು ಪ್ರಶ್ನೆ ತಪ್ಪದೆ ಕಳಿಸಿ: ಎರಡನೇ ವರ್ಷದ ಹುಡುಗಿ ತಾನು ತಯಾರಿಸಿದ ಸಂಯುಕ್ತದ ಎನ್ಎಂಆರ್ (ಅಣುವಿನ ರಚನೆ ತಿಳಿಸುವ ಪರೀಕ್ಷೆ) ತಾನೇ ತೆಗೆಯುತ್ತಾಳೆಯೇ? ಅಂದರೆ ಕೆಲವು ಮಿಲಿಗ್ರಾಂ ಪುಡಿಯನ್ನು ಡ್ಯೂಟರೇಟೆಡ್ ಕ್ಲೋರೋಫಾರ್ಮ್ ಎಂಬ ದ್ರಾವಕದಲ್ಲಿ ಕರಗಿಸಿ, 5 ಮಿ.ಮೀ. ಕೊಳವೆಯಲ್ಲಿ ನಾಲ್ಕು ಸೆಂಟಿಮೀಟರಿನಷ್ಟು ತುಂಬಿ, ಶಿಮ್ಮಿಂಗ್ (ಯಂತ್ರದ ಕಾಂತಕ್ಷೇತ್ರವನ್ನು ಸಮ ಮಾಡುವುದು) ಮಾಡಿ, ಗೆರೆಗಳನ್ನು ಓದುವ ತನಕದ ಕೆಲಸ. ದ್ರಾವಣ ಕಡಿಮೆಯಾದರೆ ಶಿಮ್ಮಿಂಗ್ ಕೂಡುವುದಿಲ್ಲ, ಗೆರೆ ಅಗಲವಾಗಿ ಬಿಡುತ್ತದೆ. ಒಂದೆರಡು ಸಲ ಹಾಗೆ ಕೆಡಿಸಿಕೊಂಡೇ ಕೈ ಕುದುರುವುದು. ಯಂತ್ರ ಕಟ್ಟಡದಲ್ಲಿದ್ದು, ಮುಟ್ಟುವವರು ಟೆಕ್ನಿಶಿಯನ್ ಒಬ್ಬರೇ ಆದರೆ, ಸಣ್ಣ ಕಾಲೇಜು ಸೇರಿದ ಲಾಭವೇ ಇಲ್ಲ.
– ಕೆಮಿಸ್ಟ್ರಿ ಅಧ್ಯಾಪಕಿ, ಧಾರವಾಡ

ನಿಮ್ಮ ಮಗಳು ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋಗುವವಳಾದ್ದರಿಂದ ಒಂದು ವಿಷಯ ಈಗಲೇ ತಿಳಿದಿರಲಿ. ಆರ್‌ಇಯು ಎಂಬ ಬೇಸಿಗೆ ಸಂಶೋಧನಾ ಯೋಜನೆಗಳಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣ ಸಿಗುವುದು ಅಲ್ಲಿನ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ. ಹಾಗಾಗಿ ಕಾಲೇಜಿನ ಸ್ವಂತ ಹಣದ ಬೇಸಿಗೆ ಕೆಲಸವೇ ಇವಳಿಗೆ ಆಧಾರ. ಗ್ರಿನೆಲ್‌ನಲ್ಲಿ ಇದಕ್ಕೆ ‘ಮ್ಯಾಪ್’ ಎನ್ನುತ್ತಾರೆ. ಹೋದ ಬೇಸಿಗೆಗೆ ಕೆಮಿಸ್ಟ್ರಿಯಲ್ಲಿ ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನಕ್ಕೆ ಸಿಕ್ಕಿತು, ಅವರಲ್ಲಿ ಹೊರದೇಶದವರೆಷ್ಟು ಎಂಬ ಮೂರೂ ಅಂಕಿಗಳನ್ನು ಎರಡೂ ಕಡೆ ಕೇಳಿ. ‘ತುಂಬಾ ಅವಕಾಶಗಳಿವೆ’ ಎಂಬ ಉತ್ತರ ಬಂದರೆ ಮತ್ತೊಮ್ಮೆ ಕೇಳಿ.

ಕೆಮಿಸ್ಟ್ರಿ ಪದವಿಗೆ ಒಪಿಟಿ (ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡುವ ಅನುಮತಿ) 12 ತಿಂಗಳು, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವಿಷಯಗಳಿಗೆ ಸಿಗುವ ವಿಸ್ತರಣೆ 24 ತಿಂಗಳು ಇದೆ. ಮುಂದೆ ಮನಸ್ಸು ಬದಲಾಗಿ ಎಕನಾಮಿಕ್ಸ್ ಹಿಡಿದರೆ ವೀಸಾಗೆ ಕಾಲೇಜು ಕೊಡುವ ಐ-20 ಪತ್ರದಲ್ಲಿ ಬರುವ ವಿಷಯದ ಕೋಡ್ ನೋಡಬೇಕು: 45.0603 ಸ್ಟೆಮ್ ಪಟ್ಟಿಯಲ್ಲಿದೆ, 45.0601 ಇಲ್ಲ. ಹಣದ ಪತ್ರದಲ್ಲಿ ಆರೋಗ್ಯ ವಿಮೆ ಸೇರಿದೆಯೇ, ಶುಲ್ಕ ಏರಿದಂತೆ ನೆರವೂ ಏರುತ್ತದೆಯೇ ಎಂದು ಬರಹದಲ್ಲಿ ಪಡೆಯಿರಿ. ಮೊದಲ ವರ್ಷಕ್ಕೆ ಸಮನಾಗಿ ಕಂಡ ಮೊತ್ತ ನಾಲ್ಕನೇ ವರ್ಷಕ್ಕೆ ಸಮನಾಗಿರಬೇಕೆಂದಿಲ್ಲ. ಕಾಲೇಜುಗಳ ಅಂಕಿಅಂಶವಿರುವ ಕಾಮನ್ ಡೇಟಾ ಸೆಟ್ ಎಂಬ ಕಡತದ ಐ-3 ಭಾಗದಲ್ಲಿ ತರಗತಿಯ ಗಾತ್ರ, ಎಚ್-6ರಲ್ಲಿ ಹೊರದೇಶದವರಿಗೆ ಕೊಟ್ಟ ನೆರವು ಸಿಗುತ್ತದೆ.
– ವಿದೇಶ ವ್ಯಾಸಂಗ ಮಾರ್ಗದರ್ಶಕರು, ಬೆಂಗಳೂರು

ಗ್ರಿನೆಲ್‌ನಲ್ಲಿ ಮೇಜರ್ (ಮುಖ್ಯ ವಿಷಯ) ಬಿಟ್ಟರೆ ಕಡ್ಡಾಯವಾಗಿರುವುದು ಮೊದಲ ವರ್ಷದ ಟ್ಯುಟೋರಿಯಲ್ ಎಂಬ ಕೋರ್ಸು ಒಂದೇ. ಕಾರ್ಲ್‌ಟನ್ನಿನಲ್ಲಿ ಇಂಗ್ಲಿಷ್ ಅಲ್ಲದ ಎರಡನೇ ಭಾಷೆಯೂ ಸೇರಿ ಹಲವು ನಿಯಮಗಳಿವೆ. ಹೊಸ ಭಾಷೆಯನ್ನು ಮೊದಲಿನಿಂದ ಕಲಿತರೆ ಸುಮಾರು ನಾಲ್ಕು ಕೋರ್ಸು ಅದಕ್ಕೇ ಹೋಗುತ್ತದೆ. ಮಗಳಿಗೆ ಕನ್ನಡ ಓದಿ ಬರೆಯಲು ಬರುವುದಾದರೆ ಅದರ ಮೇಲೆ ವಿನಾಯಿತಿ ಕೊಡುತ್ತಾರೆಯೇ ಎಂದು ಅಲ್ಲಿನ ರಿಜಿಸ್ಟ್ರಾರ್‌ಗೆ ಬರೆಯಿರಿ. ಸಿಕ್ಕರೆ ಅಷ್ಟು ಕೋರ್ಸಿನ ಜಾಗ ಗಣಿತಕ್ಕೋ ಕಂಪ್ಯೂಟರಿಗೋ ಉಳಿಯಿತು, ಆಗ ನನ್ನ ಮತ ಕಾರ್ಲ್‌ಟನ್ನಿಗೆ, ಸಿಗದಿದ್ದರೆ ಗ್ರಿನೆಲ್‌ಗೆ. ಈ ಇಮೇಲುಗಳನ್ನೆಲ್ಲ ಮಗಳೇ ಬರೆಯಲಿ. ತಂದೆತಾಯಿಗೆ ಕೊಡುವುದಕ್ಕಿಂತ ಬಿಚ್ಚುಮನಸ್ಸಿನ ಉತ್ತರವನ್ನು ಅಲ್ಲಿನವರು ವಿದ್ಯಾರ್ಥಿಗೆ ಕೊಡುತ್ತಾರೆ. ಏಪ್ರಿಲ್ 20ರೊಳಗೆ ಕಳಿಸಿದರೆ ಉತ್ತರ ಬರಲು, ಮತ್ತೊಂದು ಸಲ ಕೇಳಲು ದಿನಗಳಿರುತ್ತವೆ.
– ಗಣಿತ ಉಪನ್ಯಾಸಕರು, ಶಿವಮೊಗ್ಗ