ಸಹಾಯ ಬೇಕು: ಅಮ್ಮನ ಮೈಮೇಲೆ ಬಂದು ಹೋಗುವ ಕೆಂಪು ದದ್ದು

ಎಲ್ಲರಿಗೂ ನಮಸ್ಕಾರ. ನಾವು ಸಾಗರದ ಹತ್ತಿರದವರು. ಅಮ್ಮನಿಗೆ 58 ವರ್ಷ. ಎರಡು ತಿಂಗಳಿಂದ ಸಂಜೆಯಾದರೆ ಸಾಕು, ತೋಳು, ಹೊಟ್ಟೆ, ತೊಡೆಯ ಮೇಲೆ ಕೆಂಪಗೆ ದದ್ದು ಏಳುತ್ತದೆ. ವಿಪರೀತ ತುರಿಕೆ. ಬೆಳಗ್ಗೆ ನೋಡಿದರೆ ಕಲೆಯೂ ಇರುವುದಿಲ್ಲ. ಸೀರೆ ಬಿಗಿಯಾಗಿ ಕಟ್ಟುವ ಸೊಂಟದ ಸುತ್ತ ಜಾಸ್ತಿ.

ಊರಲ್ಲಿ ಎಲ್ಲರೂ ಪಿತ್ತದ ಗಂಧೆ ಅಂತಾರೆ. ಮುರುಗಲು ಸಿಪ್ಪೆಯ ನೀರು ಕುಡಿಸಿದೆವು. ಬದನೆಕಾಯಿ ಬಿಡಿಸಿದೆವು, ಸೋಪು ಬದಲಿಸಿದೆವು. ಏನೂ ಪ್ರಯೋಜನವಾಗಲಿಲ್ಲ. ಡಾಕ್ಟರು ಸೆಟಿರಿಜಿನ್ ಕೊಟ್ಟಿದ್ದಾರೆ. ನುಂಗಿದ ದಿನ ಆರಾಮ, ಬಿಟ್ಟರೆ ಮತ್ತೆ ಶುರು. ಥೈರಾಯ್ಡ್, ರಕ್ತ ಪರೀಕ್ಷೆ ಎಲ್ಲ ಸರಿ ಇದೆ. ಆರು ವಾರ ದಾಟಿದ ಗಂಧೆಗೆ ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ ಅಂದರು. ಕೇಳಿ ಅಮ್ಮ ಕುಗ್ಗಿಹೋಗಿದ್ದಾರೆ, ರಾತ್ರಿ ನಿದ್ದೆಯೇ ಇಲ್ಲ.

ತುಟಿ ಊದಿಲ್ಲ, ಉಸಿರಾಟದ ತೊಂದರೆಯೂ ಇಲ್ಲ. ಹಾಗೇನಾದರೂ ಆದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು ಅಂತ ಗೊತ್ತಿದೆ. ತೋರಿಸಲು ಹೋದಾಗ ಮೈಮೇಲೆ ಏನೂ ಇರುವುದಿಲ್ಲ ಅಲ್ವಾ, ಅದಕ್ಕೆ ದಿನಾ ಫೋಟೊ ತೆಗೆದಿಡುತ್ತಿದ್ದೇನೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ? ಮಾತ್ರೆ ಎಷ್ಟು ತಿಂಗಳು ತೆಗೆದುಕೊಂಡಿರಿ? ಶಿವಮೊಗ್ಗ ಅಥವಾ ಮಣಿಪಾಲದಲ್ಲಿ ತಾಳ್ಮೆಯಿಂದ ಕೇಳುವ ಚರ್ಮದ ಡಾಕ್ಟರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.