ಮೂತ್ರದಲ್ಲಿ ಗಾಳಿ ಬಂದರೆ ಮುಚ್ಚಿಡಬೇಡಿ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಅಪ್ಪನಿಗೆ ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿ ತಿಂಗಳಾಯ್ತು, ಮೂತ್ರಕ್ಕೆ ಹಾಕಿದ್ದ ಪೈಪ್ ತೆಗೆದು ಎರಡು ವಾರ, ಈಗ ಉರಿಮೂತ್ರ, ಜೊತೆಗೆ ಗಾಳಿ ಬೇರೆ ಬರುತ್ತಿದೆ, ಇದು ಮಾಮೂಲಾ ಅಂತ ಕೇಳಿದ್ದೀಯ. ಪೈಪ್ ತೆಗೆದ ದಿನ ಒಂಚೂರು ಗಾಳಿ ಬಂದರೆ ಬಂತು. ಎರಡು ವಾರ ಆದ ಮೇಲೂ ಬಂದರೆ ಮಾಮೂಲಲ್ಲ ಕಣೇ. ಸುಮ್ನೆ ಕೂರಬೇಡ.

ನಮ್ಮ ಯಜಮಾನರಿಗೆ, ಅದೇ ನಿಮ್ಮ ಮಾವನವರಿಗೆ, ಕರುಳಿನ ಆಪರೇಷನ್ ಆದ ಮೇಲೆ ಶುರುವಾಗಿದ್ದೂ ಹೀಗೇ. ನಾಚಿಕೆಗೆ ನನಗೂ ಹೇಳಿರಲಿಲ್ಲ. ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದಾಗ ನನಗೇ ಕೇಳಿಸಿತು, ಕೊನೆಕೊನೆಗೆ ಸೋಡಾ ಬಾಟ್ಲಿ ತೆಗೆದ ಹಾಗೆ. ನಾನು ಉಷ್ಣ ಅಂದುಕೊಂಡು ಬಾರ್ಲಿ ನೀರು, ಎಳನೀರು ಕೊಟ್ಟೆ. ಮೆಡಿಕಲ್ ಶಾಪಿಂದ ಮಾತ್ರೆ ತಂದೆ. ನುಂಗಿದಷ್ಟು ದಿನ ಕಮ್ಮಿ, ನಿಲ್ಲಿಸಿದರೆ ಮತ್ತೆ ಅದೇ, ಹೀಗೆ ಮೂರು ಸಲ. ಆಮೇಲೆ ಮೂತ್ರ ಕಂದು ಬಣ್ಣಕ್ಕೆ ತಿರುಗಿ ಮಲದ ವಾಸನೆ ಬಂತು, ಒಂದು ರಾತ್ರಿ ಚಳಿಜ್ವರ, ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಸಿಟಿ ಸ್ಕ್ಯಾನ್ ಮಾಡಿದರೆ, ಕರುಳು ಜೋಡಿಸಿದ ಜಾಗ ಸೋರಿ, ಕೀವಾಗಿ, ಪಕ್ಕದ ಮೂತ್ರಕೋಶಕ್ಕೇ ತೂತಾಗಿತ್ತು. ಫಿಸ್ಟುಲಾ ಅಂತಾರೆ. ಅಪರೂಪ ಅಂದರು ಡಾಕ್ಟ್ರು. ಹೊಟ್ಟೆಗೆ ಚೀಲ ಹಾಕಿ ಮಲವನ್ನ ಆ ಕಡೆ ತಿರುಗಿಸಿದರು, ತಿಂಗಳುಗಟ್ಟಲೆ ಕಾದು ಇನ್ನೊಂದು ಆಪರೇಷನ್. ಅದಕ್ಕೇ ಹೇಳ್ತೀನಿ, ಗಾಳಿ ಬಂದರೆ ಸುಮ್ನೆ ಕೂರಬೇಡ.

ಆಗ ನಮ್ಮ ಕಡೆಯವರು ಯಾರು ಬಂದಿದ್ರು ಹೇಳು? ಆಸ್ಪತ್ರೆ ಬೆಂಚಿನ ಮೇಲೆ ನಾನೊಬ್ಬಳೇ ಮಲಗಿದೆ. ಮದುವೆಗೆ ಬಸ್ ಮಾಡಿಕೊಂಡು ಬರುವವರು ಆ ಕಡೆ ಒಬ್ಬರೂ ಇಣುಕಲಿಲ್ಲ. ರೋಗದ ಹೆಸರು ಹೊರಗೆ ಹೇಳಬೇಡ, ಹುಡುಗಿಗೆ ಗಂಡು ನೋಡ್ತಾ ಇದ್ದೀವಿ ಅಂತ ನನಗೇ ಬುದ್ಧಿ ಹೇಳಿದರು. ಮುಚ್ಚಿಟ್ಟಿದ್ದಕ್ಕೇ ಅಲ್ವಾ ಅಷ್ಟು ತಡವಾಗಿದ್ದು. ಈ ಗ್ರೂಪಲ್ಲೇ ಇದ್ದಾರೆ ಅವರೆಲ್ಲ, ಕೇಳಿಸಿಕೊಳ್ಳಲಿ.

ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ. ನಾಳೆ ಬೆಳಿಗ್ಗೆ ಆಪರೇಷನ್ ಮಾಡಿದ ಡಾಕ್ಟ್ರ ಹತ್ತಿರವೇ ಕರೆದುಕೊಂಡು ಹೋಗು, ಬೀದಿ ಕ್ಲಿನಿಕ್ ಬೇಡ. ಡಿಸ್ಚಾರ್ಜ್ ಸಮ್ಮರಿ ತಗೊಂಡು ಹೋಗು. ಆಂಟಿಬಯೋಟಿಕ್ ಶುರು ಮಾಡೋ ಮುಂಚೆ ಯೂರಿನ್ ಕಲ್ಚರಿಗೆ ಕೊಡಿಸು, ಮೂತ್ರದಲ್ಲಿ ಯಾವ ಸೋಂಕು ಅಂತ ನೋಡೋ ಪರೀಕ್ಷೆ ಅದು. ಮೂತ್ರ ಹೋದ ಮೇಲೂ ಒಳಗೆ ಎಷ್ಟು ಉಳಿಯುತ್ತೆ ಅಂತ ಸ್ಕ್ಯಾನ್ ಮಾಡಿಸೋದು ಬೇಕಾ ಕೇಳು, ಗುದದ ಹತ್ತಿರ ಆಪರೇಷನ್ ಆದರೆ ಮೂತ್ರದ ನರಕ್ಕೂ ಏಟು ಬೀಳಬಹುದು. ಚಳಿಜ್ವರ ಬಂದರೆ, ಮೂತ್ರ ಕಟ್ಟಿ ಹೊಟ್ಟೆ ಉಬ್ಬಿದರೆ ಬೆಳಗಾಗಲಿ ಅಂತ ಕಾಯಬೇಡ, ಎಮರ್ಜೆನ್ಸಿಗೆ ಹೋಗು.

ನಿಮ್ಮಪ್ಪ ಬರಲ್ಲ ಅಂತ ಹಠ ಮಾಡ್ತಾನೆ, ಗೊತ್ತು ನನಗೆ. ಫೋನ್ ಅವನ ಕೈಗೆ ಕೊಡು, ಅಕ್ಕ ಮಾತಾಡಬೇಕಂತೆ ಅನ್ನು.